ಜನರೊಡನೆ ಬೆರೆಯುವ ಭಯ: ಅರಿವು, ಸ್ವಯಂ ಪ್ರಯತ್ನ ಮತ್ತು ದೊರೆಯುವ ನೆರವು

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಸರ್ಕಾರದ ಯಾವುದೇ ಸೇವೆಯನ್ನು ಪಡೆಯಲು ಅರ್ಹತೆ ಇರಬೇಕು, ದಾಖಲೆಗಳಿರಬೇಕು, ನಿಗದಿತ ನಮೂನೆಯಲ್ಲಿ ಅರ್ಜಿ ಇರಬೇಕು. ಇವೆಲ್ಲವೂ ಇದ್ದು, ಕಛೇರಿಯ ಬಾಗಿಲಿನವರೆಗೆ ಬಂದು, ಒಳಗೆ ಹೋಗಿ ಮಾತನಾಡಲಾರದೆ ಹಿಂದಿರುಗುವವರೂ ಇದ್ದಾರೆ. ಅರ್ಜಿಯಲ್ಲಿ ಒಂದು ದಾಖಲೆ ಕಡಿಮೆ ಇದೆಯೆಂದು ಹೇಳಿದಾಗ, ಅದು ಯಾವ ದಾಖಲೆಯೆಂದು ಮತ್ತೊಮ್ಮೆ ಕೇಳಲು ಅಳುಕಿ, ಅರ್ಜಿಯನ್ನೇ ಕೈಬಿಡುವುದುಂಟು. ಜಾತಿ ಪ್ರಮಾಣ ಪತ್ರ ಸಕಾಲದಲ್ಲಿ ದೊರೆಯದಿದ್ದರೆ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ ತಪ್ಪಬಹುದು. ವಿಚಾರಿಸುವವರಿಲ್ಲದೆ ಅರ್ಜಿ ನಿಂತರೆ ವೃದ್ಧರಿಗೆ ಪಿಂಚಣಿ ತಡವಾಗಬಹುದು. ಸಂದರ್ಶನದ ಕೊಠಡಿಯಲ್ಲಿ ಬಾಯಿ ಕಟ್ಟಿದ ಯುವಕನಿಗೆ ನೌಕರಿಯೇ ಕೈತಪ್ಪಬಹುದು.

ಇದನ್ನು ಸಾಮಾನ್ಯವಾಗಿ ಸಂಕೋಚ, ನಾಚಿಕೆ, ಹೇಡಿತನ ಅಥವಾ ಅಹಂಕಾರ ಎಂದು ಕರೆಯುವುದು ರೂಢಿ. ಆದರೆ ಜನರ ನಡುವೆ ಉಂಟಾಗುವ ತೀವ್ರವಾದ ಭಯವು ಸ್ವಭಾವದ ದೋಷವಲ್ಲ. ಅದು ವೈದ್ಯಶಾಸ್ತ್ರವು ಗುರುತಿಸಿರುವ, ಅಭ್ಯಾಸದಿಂದಲೂ ಚಿಕಿತ್ಸೆಯಿಂದಲೂ ಕಡಿಮೆಯಾಗುವ ಒಂದು ಸ್ಥಿತಿ. ಈ ಬಗ್ಗೆ ನಾಗರಿಕರಿಗೆ ತಿಳಿವಳಿಕೆ ನೀಡುವುದು ಮತ್ತು ಸಮೀಪದಲ್ಲಿ ದೊರೆಯುವ ನೆರವನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಸಾಮಾಜಿಕ ಆತಂಕ ಎಂದರೇನು?

ಇತರರು ತನ್ನನ್ನು ಗಮನಿಸುತ್ತಿದ್ದಾರೆ, ತಾನು ತಪ್ಪು ಮಾಡಿದರೆ ನಗುತ್ತಾರೆ, ತನ್ನನ್ನು ಕೀಳಾಗಿ ಕಾಣುತ್ತಾರೆ ಎಂಬ ಭಯವು ಅತಿಯಾಗಿ ಬೆಳೆದು, ದಿನನಿತ್ಯದ ವ್ಯವಹಾರಕ್ಕೆ ಅಡ್ಡಿಯಾಗುವುದನ್ನು ಸಾಮಾಜಿಕ ಆತಂಕ ಎನ್ನುತ್ತಾರೆ. ವೇದಿಕೆಯ ಮೇಲೆ ಮಾತನಾಡುವಾಗ ಎದೆ ಬಡಿದುಕೊಳ್ಳುವುದು ಬಹುತೇಕ ಎಲ್ಲರಿಗೂ ಸಹಜ. ಹೊಸಬರನ್ನು ಕಂಡಾಗ ಸ್ವಲ್ಪ ಸಂಕೋಚವಾಗುವುದೂ ಸಹಜ. ಇವು ಕಾಯಿಲೆಯಲ್ಲ.

ಆದರೆ ಭಯವು ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದು, ವಿದ್ಯಾಭ್ಯಾಸ, ಉದ್ಯೋಗ, ವಿವಾಹ ಸಂಬಂಧ, ಕಛೇರಿ ಕೆಲಸ ಇವುಗಳಿಂದ ವ್ಯಕ್ತಿಯನ್ನು ದೂರವಿರಿಸಿದರೆ, ಅದನ್ನು ಚಿಕಿತ್ಸೆಗೆ ಯೋಗ್ಯವಾದ ಸಾಮಾಜಿಕ ಆತಂಕದ ಕಾಯಿಲೆಯೆಂದು ಪರಿಗಣಿಸಲಾಗುತ್ತದೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಗಳ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ನೀಡಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿಯೂ ಇದು ಸೇರಿದೆ. ಬಹುಪಾಲು ಜನರಲ್ಲಿ ಇದು ಹದಿಹರೆಯದಲ್ಲಿ ಆರಂಭವಾಗುತ್ತದೆ.

ಮಾನಸಿಕ ಆರೋಗ್ಯದ ಅಧ್ಯಯನಕ್ಕೂ ಕೋಲಾರ ಜಿಲ್ಲೆಗೂ ಸಂಬಂಧವಿದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಅದಕ್ಕೆ ಮುನ್ನ ಸಮೀಕ್ಷೆಯ ವಿಧಾನವನ್ನು ಪರೀಕ್ಷಿಸುವ ಪ್ರಾಯೋಗಿಕ ಅಧ್ಯಯನವನ್ನು ಕೋಲಾರ ಜಿಲ್ಲೆಯಲ್ಲಿ ಕೈಗೊಳ್ಳಲಾಗಿತ್ತು. ಸಮೀಕ್ಷೆಯ ಪ್ರಕಾರ 18 ವರ್ಷ ಮೀರಿದವರಲ್ಲಿ ಶೇಕಡ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯನ್ನು ಅನುಭವಿಸುತ್ತಿದ್ದರು. ಕಾಯಿಲೆಗೆ ಅನುಗುಣವಾಗಿ ಶೇಕಡ 70ರಿಂದ 92ರಷ್ಟು ಮಂದಿ ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ. ಸಾಮಾಜಿಕ ಆತಂಕವಿರುವವರಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ: ವೈದ್ಯರ ಬಳಿ ಹೋಗುವುದೂ ಅಪರಿಚಿತರೊಡನೆ ಮಾತನಾಡುವ ಕೆಲಸವೇ ಆಗಿದೆ.

3. ಲಕ್ಷಣಗಳು

ಸಾಮಾನ್ಯವಾಗಿ ಕಂಡುಬರುವ ಲಕ್ಷಣಗಳು ಈ ಕೆಳಕಂಡಂತಿವೆ.

(ಅ) ದೇಹದಲ್ಲಿ: ಎದೆಬಡಿತ ಹೆಚ್ಚುವುದು, ಕೈ ಅಥವಾ ಧ್ವನಿ ನಡುಗುವುದು, ಬೆವರುವುದು, ಮುಖ ಕೆಂಪಾಗುವುದು, ಬಾಯಿ ಒಣಗುವುದು, ಹೊಟ್ಟೆ ತೊಳಸುವುದು.

(ಆ) ಆಲೋಚನೆಯಲ್ಲಿ: "ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ", "ನಾನು ದಡ್ಡನೆಂದು ತಿಳಿಯುತ್ತಾರೆ" ಎಂಬ ಯೋಚನೆ, ನಡೆದುಹೋದ ಮಾತುಕತೆಯನ್ನು ರಾತ್ರಿಯಿಡೀ ನೆನೆದು ತಪ್ಪು ಹುಡುಕುವುದು.

(ಇ) ನಡವಳಿಕೆಯಲ್ಲಿ: ಮದುವೆ, ಜಾತ್ರೆ, ನಾಮಕರಣಗಳಿಗೆ ನೆಪ ಹೇಳಿ ಹೋಗದಿರುವುದು, ಪಂಕ್ತಿಯಲ್ಲಿ ಕುಳಿತು ಊಟ ಮಾಡಲು ಹಿಂಜರಿಯುವುದು, ಇತರರೆದುರು ಸಹಿ ಮಾಡಲು ಕೈ ನಡುಗುವುದು, ದೂರವಾಣಿ ಕರೆಯನ್ನು ಸ್ವೀಕರಿಸದಿರುವುದು, ತನ್ನ ಬದಲು ಬೇರೆಯವರನ್ನೇ ಕಛೇರಿಗೆ ಕಳುಹಿಸುವುದು.

ಥೈರಾಯಿಡ್ ಗ್ರಂಥಿಯ ಅತಿ ಚಟುವಟಿಕೆಯಿಂದಲೂ ಕೈ ನಡುಕ, ಬೆವರು ಮತ್ತು ಎದೆಬಡಿತ ಉಂಟಾಗಬಹುದು. ಆದುದರಿಂದ ಇಂತಹ ಲಕ್ಷಣಗಳು ಏಕಾಂತದಲ್ಲಿಯೂ ಕಾಣಿಸಿಕೊಂಡರೆ ವೈದ್ಯರಿಂದ ದೈಹಿಕ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು.

4. ಕಾರಣಗಳು

ಸಾಮಾಜಿಕ ಆತಂಕಕ್ಕೆ ಒಂದೇ ಕಾರಣವಿರುವುದಿಲ್ಲ. ಹುಟ್ಟಿನಿಂದ ಬಂದ ಸ್ವಭಾವ, ಕುಟುಂಬದಲ್ಲಿ ಇತರರಿಗೆ ಇದ್ದ ಆತಂಕ, ಬಾಲ್ಯದಲ್ಲಿ ತರಗತಿಯ ಮುಂದೆ ಆದ ಅವಮಾನ, ಅತಿಯಾದ ಟೀಕೆ ಅಥವಾ ಅತಿಯಾದ ರಕ್ಷಣೆ, ಉಗ್ಗುವಿಕೆ, ಮೈಬಣ್ಣ ಅಥವಾ ಅಂಗವೈಕಲ್ಯದ ಬಗ್ಗೆ ಕೇಳಿದ ಕುಹಕ ಇವುಗಳಲ್ಲಿ ಕೆಲವು ಒಟ್ಟುಗೂಡಿ ಭಯವನ್ನು ರೂಪಿಸುತ್ತವೆ.

ಈ ಭಾಗದಲ್ಲಿ ಭಾಷೆಯ ಹಿಂಜರಿಕೆಯೂ ಒಂದು ಕಾರಣ. ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಗಡಿಗೂ, ಮಾಲೂರು ತಾಲ್ಲೂಕು ತಮಿಳುನಾಡಿನ ಗಡಿಗೂ ಹೊಂದಿಕೊಂಡಿವೆ. ಅನೇಕ ಮನೆಗಳಲ್ಲಿ ತೆಲುಗು, ತಮಿಳು ಅಥವಾ ಉರ್ದು ಮನೆಮಾತಾಗಿದ್ದು, ಕನ್ನಡವನ್ನು ಶಾಲೆಯಲ್ಲಿಯೂ ಸಂತೆಯಲ್ಲಿಯೂ ಕಲಿತವರಿದ್ದಾರೆ. ಕಛೇರಿಯಲ್ಲಿ ತನ್ನ ಕನ್ನಡ ತಪ್ಪಾದೀತೆಂದು, ಬೆಂಗಳೂರಿನ ಸಂದರ್ಶನದಲ್ಲಿ ತನ್ನ ಇಂಗ್ಲಿಷ್ ತಪ್ಪಾದೀತೆಂದು ಮೌನವಾಗುವವರು ಕಡಿಮೆಯಿಲ್ಲ. ಎರಡು ಮೂರು ಭಾಷೆಗಳನ್ನು ಬೆರೆಸಿ ಮಾತನಾಡುವುದು ಈ ಸೀಮೆಯ ನಿತ್ಯದ ರೂಢಿ. ಅದು ಅಜ್ಞಾನದ ಗುರುತಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಯಬೇಕು. ಎಲ್ಲ ಭಯವೂ ಕಾಯಿಲೆಯಲ್ಲ. ಜಾತಿ, ಬಡತನ, ಲಿಂಗ ಅಥವಾ ಅಂಗವೈಕಲ್ಯದ ಕಾರಣದಿಂದ ವ್ಯಕ್ತಿಯು ನಿಜವಾಗಿಯೂ ಅವಮಾನಕ್ಕೆ ಗುರಿಯಾಗಿದ್ದರೆ, ತಪ್ಪು ಅವಮಾನ ಮಾಡಿದವರದು. ಅಂತಹ ಸಂದರ್ಭದಲ್ಲಿ ಮೊದಲು ಬೇಕಾದುದು ಮೇಲಧಿಕಾರಿಗೆ ದೂರು ನೀಡುವುದು ಮತ್ತು ಕಾನೂನಿನ ರಕ್ಷಣೆ ಪಡೆಯುವುದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಅಧಿನಿಯಮ, 1989 ಇಂತಹ ರಕ್ಷಣೆಯನ್ನು ಒದಗಿಸುತ್ತದೆ. ಆದರೆ ಹಿಂದೊಮ್ಮೆ ಆದ ಅವಮಾನವು ಮನಸ್ಸಿನಲ್ಲಿ ಉಳಿದು, ಗೌರವದಿಂದ ನಡೆದುಕೊಳ್ಳುವವರ ಮುಂದೆಯೂ ಬಾಯಿ ಕಟ್ಟುತ್ತಿದ್ದರೆ, ಮುಂದೆ ತಿಳಿಸಿರುವ ಕ್ರಮಗಳು ಉಪಯುಕ್ತವಾಗುತ್ತವೆ.

5. ಭಯವು ಉಳಿದುಕೊಳ್ಳುವ ಬಗೆ

ಭಯವನ್ನು ಪೋಷಿಸುವುದು ತಪ್ಪಿಸಿಕೊಳ್ಳುವ ಅಭ್ಯಾಸ. ಉದಾಹರಣೆಗೆ, ಒಬ್ಬ ಯುವತಿ ನಾಡಕಛೇರಿಯ ಸಾಲಿನಲ್ಲಿ ನಿಲ್ಲುತ್ತಾಳೆ ಎಂದು ಭಾವಿಸೋಣ. ಸರದಿ ಹತ್ತಿರವಾದಂತೆ ಎದೆಬಡಿತ ಹೆಚ್ಚುತ್ತದೆ. ಆಕೆ ಸಾಲನ್ನು ಬಿಟ್ಟು ಹೊರಬರುತ್ತಾಳೆ. ಕೂಡಲೇ ಮನಸ್ಸು ಹಗುರವಾಗುತ್ತದೆ. ಈ ನೆಮ್ಮದಿಯೇ ತೊಂದರೆಯ ಮೂಲ. "ಹೊರಬಂದುದರಿಂದ ಪಾರಾದೆ" ಎಂದು ಮನಸ್ಸು ಕಲಿಯುತ್ತದೆ; ಒಳಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಮುಂದಿನ ಸಲ ಸಾಲಿನವರೆಗೆ ಹೋಗುವುದೂ ಕಷ್ಟವಾಗುತ್ತದೆ.

ಎರಡನೆಯ ಕಾರಣ, ಗಮನವೆಲ್ಲವೂ ತನ್ನ ಮೇಲೆಯೇ ಇರುವುದು. ಭಯಗೊಂಡ ವ್ಯಕ್ತಿಯು ಎದುರಿನವರ ಮಾತನ್ನು ಕೇಳುವ ಬದಲು ತನ್ನ ಕೈ ನಡುಗುತ್ತಿದೆಯೇ, ಧ್ವನಿ ಒಡೆಯಿತೇ ಎಂದು ಒಳಗೇ ನೋಡಿಕೊಳ್ಳುತ್ತಾನೆ. ಆಗ ಕೇಳಿದ ಪ್ರಶ್ನೆ ತಿಳಿಯದೆ ಉತ್ತರ ತಪ್ಪುತ್ತದೆ. ಭಯ ನಿಜವೆಂದು ತೋರುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಅವರು 1995ರಲ್ಲಿ ಈ ಚಕ್ರವನ್ನು ವಿವರಿಸಿದರು. ಇಂದಿನ ಚಿಕಿತ್ಸಾ ಕ್ರಮಗಳಲ್ಲಿ ಆ ವಿವರಣೆಗೆ ಮಹತ್ವದ ಸ್ಥಾನವಿದೆ.

ಇತರರು ತನ್ನನ್ನೇ ನೋಡುತ್ತಿದ್ದಾರೆ ಎಂಬ ನಂಬಿಕೆ ಎಷ್ಟು ನಿಜ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರುವ ಚಿತ್ರವಿದ್ದ ಅಂಗಿಯನ್ನು ತೊಡಿಸಿ ವಿದ್ಯಾರ್ಥಿಗಳನ್ನು ಇತರರಿದ್ದ ಕೊಠಡಿಗೆ ಕಳುಹಿಸಲಾಯಿತು. ಕೊಠಡಿಯಲ್ಲಿದ್ದವರ ಪೈಕಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರಬಹುದೆಂದು ಅಂಗಿ ತೊಟ್ಟವರು ಊಹಿಸಿದರು. ವಾಸ್ತವವಾಗಿ ಗಮನಿಸಿದವರು ಸುಮಾರು ಕಾಲುಭಾಗ ಮಾತ್ರ. ಕಛೇರಿಯ ಸಾಲಿನಲ್ಲಿ ನಿಂತವರಿಗೂ ಇದು ಅನ್ವಯಿಸುತ್ತದೆ. ಅಲ್ಲಿರುವ ಪ್ರತಿಯೊಬ್ಬರ ಗಮನವೂ ಹೆಚ್ಚಾಗಿ ತಮ್ಮ ತಮ್ಮ ಅರ್ಜಿಯ ಮೇಲಿರುತ್ತದೆ.

6. ಹಂತ ಹಂತವಾಗಿ ಭಯವನ್ನು ಕಡಿಮೆ ಮಾಡಿಕೊಳ್ಳುವ ವಿಧಾನ

ಈಜು ಕಲಿಯುವವರು ಮೊದಲ ದಿನವೇ ಆಳದ ಬಾವಿಗೆ ಇಳಿಯುವುದಿಲ್ಲ. ಅದರಂತೆ ಭಯವನ್ನೂ ಸಣ್ಣ ಸಣ್ಣ ಹಂತಗಳಲ್ಲಿ ಎದುರಿಸಬೇಕು. ಇದಕ್ಕೆ ಒಂದು ನೋಟ್ ಪುಸ್ತಕ ಸಾಕು.

(ಅ) ಭಯ ತರುವ ಸಂದರ್ಭಗಳನ್ನು ಬರೆಯುವುದು. ಪ್ರತಿಯೊಂದಕ್ಕೂ 0ಯಿಂದ 10ರವರೆಗೆ ಅಂಕ ನೀಡುವುದು. 0 ಎಂದರೆ ಭಯವಿಲ್ಲ, 10 ಎಂದರೆ ತಡೆಯಲಾರದ ಭಯ.

(ಆ) ಕಡಿಮೆ ಅಂಕದಿಂದ ಹೆಚ್ಚಿನ ಅಂಕಕ್ಕೆ ಪಟ್ಟಿಯನ್ನು ಜೋಡಿಸುವುದು. ಈ ಭಾಗದ ಗ್ರಾಮವೊಂದರ ನಿವಾಸಿಯ ಪಟ್ಟಿ ಹೀಗಿರಬಹುದು:

- ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಪಕ್ಕದಲ್ಲಿ ನಿಂತವರಿಗೆ ನಮಸ್ಕಾರ ಹೇಳುವುದು: 2
- ಅಂಗಡಿಯಲ್ಲಿ ಒಂದು ಪದಾರ್ಥದ ಬೆಲೆ ವಿಚಾರಿಸುವುದು: 3
- ಬಸ್ ನಿಲ್ದಾಣದಲ್ಲಿ ಕಂಡಕ್ಟರನ್ನು ಬಸ್ ಹೊರಡುವ ವೇಳೆ ಕೇಳುವುದು: 4
- ಬಹಳ ದಿನಗಳಿಂದ ಮಾತನಾಡದ ಸಂಬಂಧಿಕರಿಗೆ ದೂರವಾಣಿ ಕರೆ ಮಾಡುವುದು: 5
- ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿಯ ಸ್ಥಿತಿಯನ್ನು ವಿಚಾರಿಸುವುದು: 6
- ಮದುವೆಯ ಪಂಕ್ತಿಯಲ್ಲಿ ಪರಿಚಯವಿಲ್ಲದವರ ಪಕ್ಕ ಕುಳಿತು ಊಟ ಮಾಡುವುದು: 7
- ತಾಲ್ಲೂಕು ಕಛೇರಿಯಲ್ಲಿ ಅಧಿಕಾರಿಯನ್ನು ಭೇಟಿಯಾಗುವುದು: 8
- ಗ್ರಾಮಸಭೆಯಲ್ಲಿ ಎದ್ದುನಿಂತು ಒಂದು ಪ್ರಶ್ನೆ ಕೇಳುವುದು: 9

(ಇ) ಮೊದಲ ಹಂತವನ್ನು ಪ್ರತಿದಿನ ಅಭ್ಯಾಸ ಮಾಡುವುದು. ಭಯ ಬಂದ ಕೂಡಲೇ ಸ್ಥಳವನ್ನು ಬಿಡಬಾರದು. ಭಯವು ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ. ಆ ಇಳಿತವನ್ನು ಕಾಣುವುದೇ ಅಭ್ಯಾಸದ ಉದ್ದೇಶ.

(ಈ) ಅಂಕವು ಅರ್ಧಕ್ಕೆ ಇಳಿದ ನಂತರ ಮುಂದಿನ ಹಂತಕ್ಕೆ ಹೋಗುವುದು. ಒಂದು ಹಂತ ಬಹಳ ಕಷ್ಟವೆನಿಸಿದರೆ ಅದನ್ನು ಎರಡು ಹಂತಗಳಾಗಿ ವಿಂಗಡಿಸಬಹುದು.

(ಉ) ಪ್ರತಿ ಅಭ್ಯಾಸಕ್ಕೆ ಮುನ್ನ "ಏನಾಗಬಹುದೆಂದು ಭಯವಿದೆ?" ಎಂದೂ, ನಂತರ "ನಿಜವಾಗಿ ಏನಾಯಿತು?" ಎಂದೂ ಒಂದೊಂದು ಸಾಲು ಬರೆಯುವುದು. ಕೆಲವು ವಾರಗಳ ನಂತರ ಈ ಎರಡು ಸಾಲುಗಳ ನಡುವಿನ ಅಂತರವೇ ಧೈರ್ಯವನ್ನು ನೀಡುತ್ತದೆ.

(ಊ) ಮಾತನಾಡುವಾಗ ಗಮನವನ್ನು ಎದುರಿನವರ ಮಾತಿನ ಮೇಲೆ ಇರಿಸುವುದು. ಎದೆಬಡಿತ ಹೆಚ್ಚಿದಾಗ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡುವುದು ಸಹಾಯಕ.

ಧೈರ್ಯಕ್ಕಾಗಿ ಮದ್ಯಪಾನ ಮಾಡುವುದು ಅಪಾಯಕರ. ಮದ್ಯದಿಂದ ಭಯ ಕ್ಷಣಕಾಲ ಮರೆಯಾದರೂ ಮರುದಿನ ಆತಂಕ ಹೆಚ್ಚುತ್ತದೆ. ಕ್ರಮೇಣ ಭಯದ ಜೊತೆಗೆ ಚಟವೂ ಸೇರಿಕೊಳ್ಳುತ್ತದೆ.

7. ಕಛೇರಿಗೆ ಬರುವ ಅರ್ಜಿದಾರರಿಗೆ ಸೂಚನೆಗಳು

ಮಾತನಾಡಲು ಹಿಂಜರಿಯುವ ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

(ಅ) ಹೇಳಬೇಕಾದುದನ್ನು ಮನೆಯಲ್ಲಿಯೇ ಎರಡು ಸಾಲುಗಳಲ್ಲಿ ಬರೆದುಕೊಂಡು ಬರಬಹುದು. ಚೀಟಿಯನ್ನು ನೋಡಿ ಓದುವುದರಲ್ಲಿ ತಪ್ಪೇನಿಲ್ಲ. ಉದಾಹರಣೆಗೆ: "ನಮಸ್ಕಾರ ಸಾರ್. ನಮ್ಮ ತಾಯಿಯವರ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಕೊಟ್ಟಿದ್ದೇವೆ. ಅದು ಯಾವ ಹಂತದಲ್ಲಿದೆ ಎಂದು ತಿಳಿಸುತ್ತೀರಾ?" ಉತ್ತರ ಅರ್ಥವಾಗದಿದ್ದಲ್ಲಿ: "ಮೇಡಂ, ಇನ್ನೊಂದು ಸಲ ಹೇಳಿ, ಬರೆದುಕೊಳ್ಳುತ್ತೇನೆ." ಇಷ್ಟು ಸಾಕಾಗುತ್ತದೆ.

(ಆ) ಕೊರತೆಯಿರುವ ದಾಖಲೆಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಡುವಂತೆ ಕೇಳಬಹುದು. ಹೀಗೆ ಕೇಳುವುದರಿಂದ ಮತ್ತೊಮ್ಮೆ ಬಂದು ಹೋಗುವ ಶ್ರಮ ಉಳಿಯುತ್ತದೆ.

(ಇ) ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರವನ್ನು ಪಡೆಯುವುದು ಅರ್ಜಿದಾರರ ಹಕ್ಕು. ಅದರಲ್ಲಿ ಅರ್ಜಿಯ ಸಂಖ್ಯೆ ಇರುತ್ತದೆ. ಮುಂದೆ ವಿಚಾರಿಸುವಾಗ ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕಾಗಿಲ್ಲ. ಆ ಸಂಖ್ಯೆಯನ್ನು ತೋರಿಸಿದರೆ ಸಾಕು. ನಿಗದಿತ ಕಾಲಮಿತಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

(ಈ) ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಮಾಹಿತಿಯನ್ನು ಕೇಳುವವರು ಅದಕ್ಕೆ ಕಾರಣವನ್ನು ತಿಳಿಸಬೇಕಾಗಿಲ್ಲ. ಬರೆಯಲಾಗದವರು ಬಾಯಿಮಾತಿನಲ್ಲಿ ಕೇಳಿದರೆ, ಅದನ್ನು ಬರಹಕ್ಕಿಳಿಸಲು ಸಾರ್ವಜನಿಕ ಮಾಹಿತಿ ಅಧಿಕಾರಿಯು ಸೂಕ್ತ ನೆರವು ನೀಡತಕ್ಕದ್ದು.

(ಉ) ಮೊದಲ ಭೇಟಿಗೆ ನಂಬಿಕೆಯ ಒಬ್ಬರನ್ನು ಜೊತೆಗೆ ಕರೆತರಬಹುದು. ಆದರೆ ಮಾತನ್ನು ಅರ್ಜಿದಾರರೇ ಆರಂಭಿಸಬೇಕು. ಎರಡನೆಯ ಭೇಟಿಯಲ್ಲಿ ಜೊತೆಗಾರರು ಹೊರಗೆ ಕುಳಿತಿರಲಿ. ಮೂರನೆಯ ಭೇಟಿಗೆ ಒಬ್ಬರೇ ಬರುವುದು ಸಾಧ್ಯವಾಗುತ್ತದೆ. ಭಯದ ಕಾರಣದಿಂದ ಮಧ್ಯವರ್ತಿಗಳಿಗೆ ಹಣ ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಅಗತ್ಯವಿಲ್ಲ.

(ಊ) ಸೇವಾ ಸಿಂಧು ಜಾಲತಾಣದ ಮೂಲಕ ಮನೆಯಿಂದಲೇ ಅನೇಕ ಅರ್ಜಿಗಳನ್ನು ಸಲ್ಲಿಸಬಹುದು. ಸಮಯದ ಉಳಿತಾಯಕ್ಕೆ ಇದು ಉತ್ತಮ. ಆದರೆ ಜನರನ್ನು ತಪ್ಪಿಸಿಕೊಳ್ಳುವ ಉದ್ದೇಶದಿಂದ ಮಾತ್ರ ಇದನ್ನು ಬಳಸಿದರೆ, ಕೆಲಸ ಆಗುತ್ತದೆಯೇ ಹೊರತು ಭಯ ಕಡಿಮೆಯಾಗುವುದಿಲ್ಲ.

8. ಜನರೊಡನೆ ಬಾಂಧವ್ಯ ಬೆಳೆಸಿಕೊಳ್ಳುವುದು

ಭಯ ಕಡಿಮೆಯಾಗುವುದು ಅರ್ಧ ಕೆಲಸ. ಜನರ ಒಡನಾಟ ದೊರೆಯುವುದು ಉಳಿದರ್ಧ. ವಿಶ್ವ ಆರೋಗ್ಯ ಸಂಸ್ಥೆಯು ಸಾಮಾಜಿಕ ಬಾಂಧವ್ಯದ ಕುರಿತು ರಚಿಸಿದ ಆಯೋಗವು 2025ರ ಜೂನ್ ತಿಂಗಳಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಅದರಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ಒಂಟಿತನವು ಹೃದ್ರೋಗ, ಪಾರ್ಶ್ವವಾಯು ಮತ್ತು ಖಿನ್ನತೆಯ ಸಂಭವವನ್ನು ಹೆಚ್ಚಿಸುತ್ತದೆಂದು ವರದಿ ತಿಳಿಸುತ್ತದೆ. ಹಳ್ಳಿಗಳಲ್ಲಿ ಈ ತೊಂದರೆ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಬೆಳಗಿನ ರೈಲಿನಲ್ಲಿ ಮಾಲೂರಿನಿಂದ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವ ನೌಕರರು, ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯಲ್ಲಿ ದುಡಿಯುವ ಯುವಜನರು, ಮಕ್ಕಳು ಪಟ್ಟಣ ಸೇರಿದ ಮೇಲೆ ಮನೆಯಲ್ಲಿ ಉಳಿದ ವೃದ್ಧರು ಇವರೆಲ್ಲರೂ ಜನರ ನಡುವೆಯೇ ಒಂಟಿಯಾಗಬಹುದು.

ಸ್ನೇಹವು ಒಂದೇ ದಿನದ ಜಾಣ ಮಾತಿನಿಂದ ಬೆಳೆಯುವುದಿಲ್ಲ. ಅದೇ ಸ್ಥಳದಲ್ಲಿ, ಅದೇ ಜನರನ್ನು, ಮತ್ತೆ ಮತ್ತೆ ಕಾಣುವುದರಿಂದ ಬೆಳೆಯುತ್ತದೆ. ಆದುದರಿಂದ ನಿಯಮಿತವಾಗಿ ಸೇರುವ ಗುಂಪುಗಳು ಸಂಕೋಚದ ಸ್ವಭಾವದವರಿಗೆ ಹೆಚ್ಚು ಅನುಕೂಲ. ಹಾಲು ಉತ್ಪಾದಕರ ಸಹಕಾರ ಸಂಘ, ಯುವಕ ಸಂಘ, ಭಜನಾ ಮಂಡಳಿ, ಗ್ರಂಥಾಲಯ, ಕ್ರೀಡಾಂಗಣ ಇವು ಅಂತಹ ಸ್ಥಳಗಳು. 2000-01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದಾಗ ಅದರ ಮುಖ್ಯ ಉದ್ದೇಶ ಉಳಿತಾಯ ಮತ್ತು ಸ್ವಾವಲಂಬನೆಯಾಗಿತ್ತು. ಆದರೆ ವಾರಕ್ಕೊಮ್ಮೆ ಸೇರಿ, ಲೆಕ್ಕ ಓದಿ, ಸರದಿಯಂತೆ ಮಾತನಾಡುವ ಗುಂಪಿನ ಕ್ರಮವು ಮಾತನಾಡುವ ಧೈರ್ಯಕ್ಕೂ ಒಳ್ಳೆಯ ಅಭ್ಯಾಸವಾಗುತ್ತದೆ. ಗುಂಪಿನಲ್ಲಿ ಒಂದು ಜವಾಬ್ದಾರಿಯನ್ನು ವಹಿಸಿಕೊಂಡರೆ ಮಾತು ಇನ್ನೂ ಸುಲಭವಾಗುತ್ತದೆ. ಹಾಜರಿ ಬರೆಯುವವರಿಗೆ, ನೀರು ಕೊಡುವವರಿಗೆ, ಕುರ್ಚಿ ಹಾಕುವವರಿಗೆ ಮಾತಿಗೆ ಕಾರಣವನ್ನು ಹುಡುಕಬೇಕಾಗುವುದಿಲ್ಲ.

ಮಾತುಕತೆಗೆ ಮೂರು ಸರಳ ಕ್ರಮಗಳಿವೆ. ಮೊದಲನೆಯದು ಕೇಳುವುದು: "ಈ ಸಲ ಮಾವು ಹೇಗಿದೆ ಅಣ್ಣ?", "ಟೊಮೊಟೊ ಬೆಲೆ ಎಷ್ಟಾಯಿತು?", "ಮಗಳ ಪರೀಕ್ಷೆ ಮುಗಿಯಿತೇ ಅಕ್ಕ?" ಎರಡನೆಯದು ಉತ್ತರವನ್ನು ಪೂರ್ಣವಾಗಿ ಆಲಿಸುವುದು. ಮೂರನೆಯದು ತನ್ನ ಬಗ್ಗೆಯೂ ಒಂದು ಮಾತು ಸೇರಿಸುವುದು. 2018ರಲ್ಲಿ ಪ್ರಕಟವಾದ ಮನೋವಿಜ್ಞಾನದ ಸಂಶೋಧನೆಯೊಂದರ ಪ್ರಕಾರ, ಹೊಸಬರೊಡನೆ ಮಾತನಾಡಿದವರು ತಾವು ಎದುರಿನವರಿಗೆ ಎಷ್ಟು ಇಷ್ಟವಾದೆವೆಂಬುದನ್ನು ವಾಸ್ತವಕ್ಕಿಂತ ಕಡಿಮೆಯಾಗಿ ಅಂದಾಜು ಮಾಡುತ್ತಾರೆ. ಮಾತುಕತೆ ಮುಗಿದ ಮೇಲೆ ಕಾಡುವ "ನಾನು ಚೆನ್ನಾಗಿ ಮಾತನಾಡಲಿಲ್ಲ" ಎಂಬ ಭಾವನೆಯನ್ನು ಪೂರ್ಣವಾಗಿ ನಂಬಬಾರದು.

9. ಕುಟುಂಬದವರು ಮತ್ತು ಶಿಕ್ಷಕರು ಗಮನಿಸಬೇಕಾದ ಅಂಶಗಳು

(ಅ) "ಮೂಕನಂತಿದ್ದಾನೆ", "ಇವಳಿಗೆ ಬಾಯಿಲ್ಲ" ಎಂದು ನೆಂಟರ ಮುಂದೆ ಹೇಳಬಾರದು. ಮಗುವು ಆ ಮಾತನ್ನೇ ನಿಜವೆಂದು ನಂಬುತ್ತದೆ.

(ಆ) ಮಗುವಿನ ಪರವಾಗಿ ಎಲ್ಲ ಮಾತನ್ನೂ ತಾವೇ ಆಡಬಾರದು. ಬಲವಂತದಿಂದ ವೇದಿಕೆಗೂ ತಳ್ಳಬಾರದು. ಚಿಕ್ಕ ಕೆಲಸ ನೀಡಿ, ಪೂರೈಸಿದಾಗ ಮೆಚ್ಚಬೇಕು.

(ಇ) ತರಗತಿಯಲ್ಲಿ ಮೊದಲು ಇಬ್ಬರ ಜೋಡಿಯಲ್ಲಿ, ನಂತರ ಐವರ ಗುಂಪಿನಲ್ಲಿ, ಆಮೇಲೆ ಎಲ್ಲರ ಮುಂದೆ ಮಾತನಾಡಲು ಅವಕಾಶ ನೀಡುವುದು ಸೂಕ್ತ.

(ಈ) ಶಾಲೆಗೆ ಹೋಗಲು ನಿರಾಕರಿಸುವುದು, ಊಟ ನಿದ್ರೆ ಕಡಿಮೆಯಾಗುವುದು, ಬದುಕಿನ ಬಗ್ಗೆ ಬೇಸರದ ಮಾತನಾಡುವುದು ಕಂಡುಬಂದಲ್ಲಿ ತಡಮಾಡದೆ ವೈದ್ಯರ ಸಲಹೆ ಪಡೆಯಬೇಕು.

(ಉ) ಮದುವೆಯಾದರೆ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೊದಲು ಚಿಕಿತ್ಸೆ ಕೊಡಿಸುವುದು ಇಬ್ಬರ ಬದುಕಿಗೂ ಒಳಿತು.

10. ಚಿಕಿತ್ಸೆ

ಸ್ವಯಂ ಪ್ರಯತ್ನದಿಂದ ಸುಧಾರಣೆ ಕಾಣದಿದ್ದಲ್ಲಿ ಚಿಕಿತ್ಸೆ ಪಡೆಯಬೇಕು. ಸಾಮಾಜಿಕ ಆತಂಕಕ್ಕೆ ಹೆಚ್ಚು ಪರಿಣಾಮಕಾರಿಯೆಂದು ಕಂಡುಬಂದಿರುವುದು ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನೋಚಿಕಿತ್ಸೆ. ಇದರಲ್ಲಿ ತರಬೇತಿ ಪಡೆದ ಮನೋವಿಜ್ಞಾನಿಯು ವಾರಕ್ಕೊಮ್ಮೆಯಂತೆ, ಸಾಮಾನ್ಯವಾಗಿ 12ರಿಂದ 16 ಭೇಟಿಗಳಲ್ಲಿ, ಮೇಲೆ ತಿಳಿಸಿದ ಹಂತಗಳನ್ನೇ ವ್ಯವಸ್ಥಿತವಾಗಿ ಅಭ್ಯಾಸ ಮಾಡಿಸುತ್ತಾರೆ.

ಅಗತ್ಯವಿದ್ದಲ್ಲಿ ಮನೋವೈದ್ಯರು ಔಷಧಿಯನ್ನೂ ನೀಡುತ್ತಾರೆ. ಸಾಮಾನ್ಯವಾಗಿ ಬಳಸುವ ಔಷಧಿಗಳು ಪರಿಣಾಮ ತೋರಲು ಕೆಲವು ವಾರಗಳು ಬೇಕಾಗುತ್ತವೆ. ವೈದ್ಯರನ್ನು ಕೇಳದೆ ಅವುಗಳನ್ನು ಒಮ್ಮೆಲೇ ನಿಲ್ಲಿಸಬಾರದು. ಅಂಗಡಿಯಿಂದ ನಿದ್ರೆ ಮಾತ್ರೆಗಳನ್ನು ತಂದು ಸೇವಿಸುವುದರಿಂದ ಅವುಗಳಿಗೆ ಅಂಟಿಕೊಳ್ಳುವ ಅಪಾಯವಿದೆ.

11. ನೆರವು ದೊರೆಯುವ ಸ್ಥಳಗಳು

(ಅ) ಟೆಲಿ-ಮಾನಸ್ ಸಹಾಯವಾಣಿ: ದೂರವಾಣಿ ಸಂಖ್ಯೆ 14416 ಅಥವಾ 1800-891-4416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯು ಉಚಿತವಾಗಿದ್ದು, ದಿನದ 24 ಗಂಟೆಯೂ ಲಭ್ಯವಿದೆ. ಕನ್ನಡ, ತೆಲುಗು, ತಮಿಳು ಮತ್ತು ಉರ್ದು ಸೇರಿದಂತೆ 20 ಭಾಷೆಗಳಲ್ಲಿ ಆಪ್ತ ಸಲಹೆ ದೊರೆಯುತ್ತದೆ. ಮುಖಾಮುಖಿ ಮಾತನಾಡಲು ಭಯವಿರುವವರಿಗೆ ಇದು ಮೊದಲ ಹಂತವಾಗಬಹುದು.

(ಆ) ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಕೋಲಾರ: ಮನೋವೈದ್ಯಕೀಯ ವಿಭಾಗವನ್ನು ವಿಚಾರಿಸುವುದು.

(ಇ) ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳು: ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ವ್ಯವಸ್ಥೆ ಇದೆ. ದಿನಾಂಕವನ್ನು ಆಸ್ಪತ್ರೆಯಲ್ಲಿ ಮುಂಚಿತವಾಗಿ ತಿಳಿದುಕೊಳ್ಳುವುದು.

(ಈ) ಸ್ನೇಹ ಕ್ಲಿನಿಕ್: 10ರಿಂದ 19 ವರ್ಷದ ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತ ಸಲಹೆ.

(ಉ) ನಿಮ್ಹಾನ್ಸ್, ಹೊಸೂರು ರಸ್ತೆ, ಬೆಂಗಳೂರು: ಹೆಚ್ಚಿನ ಚಿಕಿತ್ಸೆಯ ಅಗತ್ಯವಿರುವವರಿಗೆ.

ಆತ್ಮಹತ್ಯೆಯ ಯೋಚನೆ ಬಂದಲ್ಲಿ ಅಥವಾ ಮನೆಯವರಲ್ಲಿ ಅಂತಹ ಸೂಚನೆ ಕಂಡಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೂಡಲೇ 14416ಕ್ಕೆ ಅಥವಾ ತುರ್ತು ಸಂಖ್ಯೆ 108 ಅಥವಾ 112ಕ್ಕೆ ಕರೆ ಮಾಡುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಿಕಿತ್ಸೆ ಪಡೆದರೆ ಊರಿನವರಿಗೆ ತಿಳಿಯುವುದೇ?
ಉತ್ತರ: ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ದೇಶದಲ್ಲಿ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಂತೆ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಕಾನೂನಿನಲ್ಲಿ ತಿಳಿಸಿರುವ ಕೆಲವು ಸಂದರ್ಭಗಳನ್ನು ಹೊರತುಪಡಿಸಿ ಅವುಗಳನ್ನು ಬಹಿರಂಗಪಡಿಸುವಂತಿಲ್ಲ.

ಪ್ರಶ್ನೆ: ಬಡವರಿಗೆ ಚಿಕಿತ್ಸೆ ಸಾಧ್ಯವೇ?
ಉತ್ತರ: ಸರ್ಕಾರ ನಡೆಸುವ ಅಥವಾ ಅನುದಾನ ನೀಡುವ ಸೇವೆಗಳಿಂದ ಮಾನಸಿಕ ಆರೋಗ್ಯ ಆರೈಕೆಯನ್ನು ಪಡೆಯುವ ಹಕ್ಕನ್ನು ಇದೇ ಅಧಿನಿಯಮವು ಪ್ರತಿಯೊಬ್ಬರಿಗೂ ನೀಡಿದೆ.

ಪ್ರಶ್ನೆ: ಭಯ ಸಂಪೂರ್ಣವಾಗಿ ಹೋಗುವುದೇ?
ಉತ್ತರ: ಅನೇಕರಲ್ಲಿ ಗಣನೀಯವಾಗಿ ಕಡಿಮೆಯಾಗುತ್ತದೆ. ಸ್ವಲ್ಪ ಅಳುಕು ಉಳಿಯಬಹುದು. ಅಳುಕು ಇದ್ದಾಗಲೂ ಮಾತನಾಡಿ ಕೆಲಸ ಪೂರೈಸುವುದು ಸಾಧ್ಯವಾದರೆ ಚಿಕಿತ್ಸೆಯ ಉದ್ದೇಶ ಈಡೇರಿದಂತೆ.

ಪ್ರಶ್ನೆ: ಒಂದು ಸಲ ಪ್ರಯತ್ನಿಸಿ ವಿಫಲವಾದರೆ?
ಉತ್ತರ: ಅದೇ ಹಂತವನ್ನು ಇನ್ನೂ ಸಣ್ಣದಾಗಿಸಿ ಮತ್ತೆ ಪ್ರಯತ್ನಿಸುವುದು. ಕಛೇರಿಯ ಒಳಗೆ ಹೋಗಲಾಗದಿದ್ದಲ್ಲಿ, ಮೊದಲ ದಿನ ಆವರಣದಲ್ಲಿ ಹತ್ತು ನಿಮಿಷ ಕುಳಿತು ಬಂದರೂ ಅದು ಅಭ್ಯಾಸವೇ ಆಗಿರುತ್ತದೆ.

13. ಮುಕ್ತಾಯ

ಸೇವೆಯನ್ನು ಕೇಳುವುದು ಉಪಕಾರವನ್ನು ಬೇಡುವುದಲ್ಲ. ಅದು ನಾಗರಿಕರ ಹಕ್ಕು. ಧ್ವನಿ ನಡುಗಿದರೂ, ಮಾತು ತಡವರಿಸಿದರೂ, ಚೀಟಿ ನೋಡಿ ಓದಿದರೂ ಆ ಹಕ್ಕು ಕಡಿಮೆಯಾಗುವುದಿಲ್ಲ. ಭಯದಿಂದ ದೂರ ಉಳಿದಿರುವ ನೆರೆಹೊರೆಯವರು ಇದ್ದಲ್ಲಿ, ಮಾಹಿತಿಯನ್ನು ತಿಳಿದವರು ಅವರಿಗೆ ತಿಳಿಸಿ, ಮೊದಲ ಭೇಟಿಗೆ ಜೊತೆಯಾಗಬೇಕೆಂದು ಹಾಗೂ ಮೇಲ್ಕಂಡ ಸೌಲಭ್ಯಗಳನ್ನು ನಾಲ್ಕೂ ತಾಲ್ಲೂಕುಗಳ ಸಾರ್ವಜನಿಕರು ಸದುಪಯೋಗಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.